ಹಳೇ ಪಿಎಸ್4 ಕಂಟ್ರೋಲರ್ ಬಿಸಾಡಬೇಡಿ: ಹೊಸ ಕನ್ಸೋಲ್‌ಗೆ ಸೇರಿಸುವ ಬಗೆ

ಟಿವಿಗೆ ಹಾಕಿ ಆಡುವ ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5, ಅಂದರೆ ಪಿಎಸ್5, ಅದರ ಡಬ್ಬದಲ್ಲಿ ಬರುವುದು ಒಂದೇ ಕಂಟ್ರೋಲರ್. ಇನ್ನೊಂದು ಬೇಕೆಂದರೆ ದುಡ್ಡು ಬಿಚ್ಚಬೇಕು. 2021ರ ಫೆಬ್ರವರಿಯಲ್ಲಿ ಪಿಎಸ್5 ನಮ್ಮ ದೇಶಕ್ಕೆ ಬಂದಾಗಲೇ ಬಿಡಿ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ಗೆ 5,990 ರೂಪಾಯಿ ಇತ್ತು. ಅಷ್ಟು ಕೊಡುವ ಮೊದಲು ಮನೆಯ ಕಪಾಟು ಒಮ್ಮೆ ತೆಗೆದು ನೋಡಿ. ದಾವಣಗೆರೆಯಲ್ಲಿ ನನಗೆ ಗೊತ್ತಿರುವ ಹುಡುಗರಲ್ಲಿ ಪಿಎಸ್5 ಕೊಂಡವರೆಲ್ಲ ಮೊದಲು ಪಿಎಸ್4 ಆಡುತ್ತಿದ್ದವರೇ. ಅದರ ಕಂಟ್ರೋಲರ್ ಎಲ್ಲೋ ಹಳೇ ಚಾರ್ಜರ್‌ಗಳ ಜೊತೆ ಬಿದ್ದಿರುತ್ತದೆ. ಅದನ್ನು ಎತ್ತಿಕೊಂಡು ಬನ್ನಿ. ಭಾನುವಾರ ಇಬ್ಬರು ಕೂತು ಕ್ರಿಕೆಟ್ಟೋ ಫುಟ್‌ಬಾಲೋ ಆಡಲು ಬಹಳಷ್ಟು ಸಲ ಅದೇ ಸಾಕು.

ಆದರೆ ಒಂದು ಷರತ್ತಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ. ಪಿಎಸ್4ರ ಡ್ಯುಯಲ್‌ಶಾಕ್ 4 ಕಂಟ್ರೋಲರ್ ಪಿಎಸ್5ಗೆ ಸೇರುತ್ತದೆ, ಮೆನು ಓಡಾಡಿಸುತ್ತದೆ, ಪಿಎಸ್4 ಆಟಗಳನ್ನು ಆಡಿಸುತ್ತದೆ. ಪಿಎಸ್5 ಆಟ ತೆರೆದರೆ ಮಾತ್ರ ಕೆಲಸ ಮಾಡುವುದಿಲ್ಲ. ಕಂಟ್ರೋಲರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸೋನಿ ಬೇಕೆಂದೇ ಹಾಗೆ ಇಟ್ಟಿದೆ. ಹೊಸ ಕಂಟ್ರೋಲರ್‌ನ ಬಿಗಿಯಾಗುವ ಟ್ರಿಗರ್ (ತೋರುಬೆರಳಿಂದ ಒತ್ತುವ ಬಟನ್), ಸೂಕ್ಷ್ಮ ಕಂಪನ ಇವೆಲ್ಲ ಪಿಎಸ್5 ಆಟಗಳಲ್ಲಿ ಇರಲೇಬೇಕು ಎಂಬುದು ಅವರ ವಾದ. ವ್ಯಾಪಾರವೂ ಅದರಲ್ಲಿ ಇದೆ ಅನ್ನಿ.

ಈ ಷರತ್ತಿಗೆ ಒಂದು ದಾರಿಯೂ ಇದೆ. ಮೊದಲು ಕಂಟ್ರೋಲರ್ ಸೇರಿಸೋಣ, ಆ ದಾರಿ ಆಮೇಲೆ.

ಸೇರಿಸುವ ಮೊದಲು: ಬ್ಯಾಟರಿ ನೋಡಿ

ವರ್ಷಗಟ್ಟಲೆ ಮೂಲೆಯಲ್ಲಿದ್ದ ಕಂಟ್ರೋಲರ್‌ಗೆ ತಕ್ಷಣ ವೈರ್ ಚುಚ್ಚಬೇಡಿ. ಒಳಗೆ 1000 ಎಂಎಎಚ್‌ನ ಲಿಥಿಯಂ ಬ್ಯಾಟರಿ ಇದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೋಣೆಯಲ್ಲೋ ಅಟ್ಟದ ಮೇಲೋ ಇಟ್ಟಿದ್ದರೆ ಅದು ಉಬ್ಬಿರಬಹುದು. ಕಂಟ್ರೋಲರ್ ಅನ್ನು ಪಕ್ಕದಿಂದ ಹಿಡಿದು ನೋಡಿ. ಮೇಲಿನ ಮತ್ತು ಕೆಳಗಿನ ಪ್ಲಾಸ್ಟಿಕ್ ಸೇರುವ ಗೆರೆ ಎಲ್ಲ ಕಡೆ ಒಂದೇ ಸಮ ಇರಬೇಕು. ಎಲ್ಲಾದರೂ ಬಾಯಿ ಬಿಟ್ಟಿದ್ದರೆ, ಸಮ ಮೇಜಿನ ಮೇಲೆ ಇಟ್ಟಾಗ ತೊಟ್ಟಿಲಿನಂತೆ ಅಲ್ಲಾಡಿದರೆ, ಚಾರ್ಜ್ ಮಾಡಬೇಡಿ. ಒತ್ತಿ ಸರಿಮಾಡಲೂ ಹೋಗಬೇಡಿ.

ಬ್ಯಾಟರಿ ಬದಲಿಸುವುದು ಕಷ್ಟವಲ್ಲ. ಹಿಂದೆ ನಾಲ್ಕು ಸ್ಕ್ರೂ ಇವೆ, ಬ್ಯಾಟರಿ ಒಂದು ಸಣ್ಣ ಕನೆಕ್ಟರ್‌ನಲ್ಲಿ ಕೂತಿರುತ್ತದೆ, ಬೆಸುಗೆ ಹಾಕಿರುವುದಿಲ್ಲ. ಮೊಬೈಲ್ ರಿಪೇರಿ ಮಾಡುವ ಯಾವ ಹುಡುಗನಾದರೂ ಮಾಡಿಕೊಡುತ್ತಾನೆ. ಆದರೆ ಬ್ಯಾಟರಿ ತರಿಸುವಾಗ ಕಂಟ್ರೋಲರ್ ಹಿಂದಿನ ಮಾಡೆಲ್ ನಂಬರ್ ಹೇಳಲೇಬೇಕು. ಸಿಯುಎಚ್-ಜೆಡ್‌ಸಿಟಿ1 ಎಂದು ಶುರುವಾದರೆ ಮೊದಲ ತಲೆಮಾರು, ಜೆಡ್‌ಸಿಟಿ2 ಅಂದರೆ 2016ರಲ್ಲಿ ಬಂದ ಎರಡನೇ ತಲೆಮಾರು. ಎರಡರ ಕನೆಕ್ಟರ್ ಅಳತೆ ಬೇರೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ನಂಬರ್ ಅಳಿಸಿಹೋಗಿದ್ದರೆ ಟಚ್‌ಪ್ಯಾಡ್ ನೋಡಿ: ಅದರ ಮೇಲಂಚಿನಲ್ಲಿ ತೆಳ್ಳಗೆ ಬೆಳಕಿನ ಗೆರೆ ಕಾಣಿಸಿದರೆ ಅದು ಎರಡನೇ ತಲೆಮಾರಿನದು.

ಹಳೇ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. ಚುಚ್ಚಬೇಡಿ. ರಿಪೇರಿ ಅಂಗಡಿಯಲ್ಲೇ ಬಿಟ್ಟುಬನ್ನಿ, ಇಲ್ಲವೇ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ವೈರಿನ ಕಥೆ

ಡ್ಯುಯಲ್‌ಶಾಕ್ 4ಕ್ಕೆ ಬೇಕಾಗುವುದು ಮೈಕ್ರೋ ಯುಎಸ್‌ಬಿ ವೈರ್. ಟೈಪ್ ಸಿ ಬರುವ ಮೊದಲು ಎಲ್ಲ ಆಂಡ್ರಾಯ್ಡ್ ಫೋನ್‌ಗೂ ಇದ್ದ ಪಿನ್. ಮನೆಯಲ್ಲಿ ಇಂಥವು ನಾಲ್ಕಾರು ಸಿಗಬಹುದು. ಸಮಸ್ಯೆ ಏನೆಂದರೆ ಅದರಲ್ಲಿ ಅರ್ಧ ಬರೀ ಚಾರ್ಜ್ ಮಾಡುವಂಥವು. ಒಳಗೆ ಕರೆಂಟ್ ಹೋಗುವ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ಹೋಗುವ ಇನ್ನೆರಡು ಇರುವುದೇ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಐವತ್ತು ರೂಪಾಯಿಗೆ ಕೊಂಡ ವೈರ್‌ಗಳಲ್ಲಿ ಇದು ಮಾಮೂಲು. ಅಂಥದ್ದನ್ನು ಹಾಕಿದರೆ ಕಂಟ್ರೋಲರ್‌ನಲ್ಲಿ ಕಿತ್ತಳೆ ಬಣ್ಣದ ಬೆಳಕು ಉಸಿರಾಡಿದ ಹಾಗೆ ಬಂದು ಹೋಗುತ್ತದೆ, ಚಾರ್ಜ್ ಆಗುತ್ತದೆ, ಪಿಎಸ್ ಬಟನ್ ಎಷ್ಟು ಒತ್ತಿದರೂ ಕನ್ಸೋಲ್ ಗುರುತಿಸುವುದಿಲ್ಲ. ಪಿಎಸ್5ಗೆ ಈ ಕಂಟ್ರೋಲರ್ ಸೇರುವುದೇ ಇಲ್ಲ ಅಂತ ಬೈದುಕೊಂಡು ಬಿಟ್ಟವರಲ್ಲಿ ಎಷ್ಟೋ ಜನರಿಗೆ ಕೈಕೊಟ್ಟದ್ದು ವೈರು.

ಪರೀಕ್ಷೆ ಸುಲಭ. ಅದೇ ವೈರಿನಲ್ಲಿ ಒಂದು ಹಳೇ ಫೋನನ್ನು ಕಂಪ್ಯೂಟರ್‌ಗೆ ಹಾಕಿ. ಫೋನಿನ ಫೋಟೋ, ಫೈಲುಗಳು ಕಂಪ್ಯೂಟರಿನಲ್ಲಿ ತೆರೆದರೆ ವೈರ್ ಸರಿ ಇದೆ. ಬರೀ ಚಾರ್ಜ್ ಆದರೆ ಪಕ್ಕಕ್ಕಿಡಿ. ಹೊಸದು ಕೊಳ್ಳುವುದಾದರೆ ಅಂಗಡಿಯಲ್ಲಿ 'ಡೇಟಾ ಕೇಬಲ್ ಕೊಡಿ' ಎಂದೇ ಕೇಳಿ.

ಇನ್ನೊಂದು ತುದಿಯ ಬಗ್ಗೆಯೂ ಒಂದು ಮಾತು. ಮೊದಲು ಬಂದ ದೊಡ್ಡ ಪಿಎಸ್5ನಲ್ಲಿ ಮುಂದುಗಡೆ ಒಂದು ಟೈಪ್ ಸಿ, ಒಂದು ಮಾಮೂಲಿ ಅಗಲದ ಯುಎಸ್‌ಬಿ ಇದೆ. ಈಗಿನ ಸ್ಲಿಮ್‌ನಲ್ಲಿ ಮುಂದೆ ಎರಡೂ ಟೈಪ್ ಸಿ. ಹಳೇ ವೈರ್ ಅಲ್ಲಿ ಕೂರುವುದಿಲ್ಲ. ಗಾಬರಿ ಬೇಡ, ಹಿಂದುಗಡೆ ಎರಡು ಅಗಲದ ಪೋರ್ಟ್ ಇವೆ. ಟಿವಿ ಸ್ಟ್ಯಾಂಡಿನಿಂದ ಕನ್ಸೋಲ್ ಸ್ವಲ್ಪ ಮುಂದೆ ಎಳೆದುಕೊಳ್ಳಬೇಕು, ಅಷ್ಟೇ.

ಪಿಎಸ್5ಗೆ ಸೇರಿಸುವ ಹಂತಗಳು

1. ಹೊಸ ಡ್ಯುಯಲ್‌ಸೆನ್ಸ್‌ನಿಂದಲೇ ಪಿಎಸ್5 ಆನ್ ಮಾಡಿ, ನಿಮ್ಮ ಹೆಸರಿನಲ್ಲಿ ಒಳಗೆ ಹೋಗಿ. ಅಪ್‌ಡೇಟ್ ಬಾಕಿ ಇದ್ದರೆ ಮೊದಲು ಮುಗಿಸಿ.

2. ಹಳೇ ಪಿಎಸ್4 ಅದೇ ಕೋಣೆಯಲ್ಲಿ ಇನ್ನೂ ಇದ್ದರೆ ಅದರ ಸ್ವಿಚ್ ಆರಿಸಿ. ಇಲ್ಲವಾದರೆ ಕಂಟ್ರೋಲರ್ ಹಳೇ ಯಜಮಾನನನ್ನೇ ಎಬ್ಬಿಸಲು ಹೋಗುತ್ತದೆ.

3. ಡೇಟಾ ಹೋಗುವ ವೈರಿನಿಂದ ಡ್ಯುಯಲ್‌ಶಾಕ್ 4ನ್ನು ಪಿಎಸ್5ಗೆ ಹಾಕಿ.

4. ಕಂಟ್ರೋಲರ್ ನಡುವಿನ ಪಿಎಸ್ ಬಟನ್ ಒಂದು ಸಲ ಒತ್ತಿ. ಟಿವಿಯಲ್ಲಿ ಯಾರು ಆಡುತ್ತಿದ್ದಾರೆ ಎಂದು ಕೇಳುತ್ತದೆ. ಇನ್ನೊಂದು ಯೂಸರ್ ಆರಿಸಿ, ಅಥವಾ ಗೆಸ್ಟ್ ಎಂದು ಕೊಡಿ. ಇಬ್ಬರೂ ಒಂದೇ ಹೆಸರಿನಲ್ಲಿ ಹೋದರೆ ಎರಡನೇ ಆಟಗಾರ ಅಂತ ಅನೇಕ ಆಟಗಳು ಒಪ್ಪುವುದಿಲ್ಲ.

5. ಬೆಳಕು ಒಂದು ಬಣ್ಣಕ್ಕೆ ನಿಂತರೆ ಕೆಲಸ ಆಯಿತು. ಇನ್ನು ವೈರ್ ತೆಗೆಯಬಹುದು, ಬ್ಲೂಟೂತ್‌ನಲ್ಲೇ ಓಡುತ್ತದೆ.

ವೈರ್ ಸಿಗಲೇ ಇಲ್ಲ ಅನ್ನಿ. ಕಂಟ್ರೋಲರ್‌ನಲ್ಲಿ ಚಾರ್ಜ್ ಇದ್ದರೆ ವೈರ್ ಇಲ್ಲದೆಯೂ ಸೇರಿಸಬಹುದು. ಪಿಎಸ್5 ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸರೀಸ್, ಅದರೊಳಗೆ ಜನರಲ್, ಅದರೊಳಗೆ ಬ್ಲೂಟೂತ್ ಆಕ್ಸೆಸರೀಸ್ ತೆರೆದಿಡಿ. ಈಗ ಹಳೇ ಕಂಟ್ರೋಲರ್‌ನ ಶೇರ್ ಬಟನ್ ಮತ್ತು ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಾಲ್ಕೈದು ಸೆಕೆಂಡಿನಲ್ಲಿ ಬೆಳಕು ಪಟಪಟ ಮಿನುಗಲು ಶುರುವಾಗುತ್ತದೆ. ಪಟ್ಟಿಯಲ್ಲಿ ಹೆಸರು ಬಂದಾಗ ಆರಿಸಿ.

ಏನು ಮಾಡಿದರೂ ಆಗದಿದ್ದರೆ ಕಂಟ್ರೋಲರ್ ರೀಸೆಟ್ ಮಾಡಿ. ಹಿಂಭಾಗದಲ್ಲಿ ಎಲ್2 ಟ್ರಿಗರ್ ಕಡೆಯ ಸ್ಕ್ರೂ ಹತ್ತಿರ ಸೂಜಿ ಹೋಗುವಷ್ಟು ಸಣ್ಣ ತೂತು ಇದೆ. ಸಿಮ್ ತೆಗೆಯುವ ಪಿನ್ ಹಾಕಿ ಐದು ಸೆಕೆಂಡ್ ಒತ್ತಿ ಹಿಡಿದು ಬಿಡಿ. ನಂತರ ಮೂರನೇ ಹಂತದಿಂದ ಮತ್ತೆ ಶುರು ಮಾಡಿ.

ನೆನಪಿಡಿ, ಡ್ಯುಯಲ್‌ಶಾಕ್ 4 ಒಂದು ಸಲಕ್ಕೆ ಒಂದೇ ಯಂತ್ರವನ್ನು ನೆನಪಿಟ್ಟುಕೊಳ್ಳುತ್ತದೆ. ಪಿಎಸ್5ಗೆ ಸೇರಿಸಿದ ಮೇಲೆ ಪಿಎಸ್4ಗೆ ವಾಪಸ್ ಬೇಕೆಂದರೆ ಅಲ್ಲಿ ಮತ್ತೆ ವೈರ್ ಹಾಕಬೇಕು. ಫೋನಿಗೆ ಸೇರಿಸಿದರೂ ಅಷ್ಟೇ.

ಆಟದ ನಡುವೆ ಸಿಗ್ನಲ್ ತುಂಡಾಗುತ್ತಿದೆಯಾ? ಹಾಸ್ಟೆಲ್ ಕೋಣೆಗಳಲ್ಲಿ ಇದು ಜಾಸ್ತಿ. ಎಲ್ಲರ ವೈಫೈ, ಇಯರ್‌ಬಡ್ ಎಲ್ಲವೂ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಮಾಡುತ್ತಿರುತ್ತವೆ. ಎರಡನೇ ತಲೆಮಾರಿನ ಕಂಟ್ರೋಲರ್ ಆಗಿದ್ದರೆ ಆಕ್ಸೆಸರೀಸ್‌ನಲ್ಲಿ ಕಂಟ್ರೋಲರ್ಸ್, ಅಲ್ಲಿ ಕಮ್ಯುನಿಕೇಶನ್ ಮೆಥಡ್‌ಗೆ ಹೋಗಿ ಯುಎಸ್‌ಬಿ ಕೇಬಲ್ ಎಂದು ಆರಿಸಿ ವೈರಿನಲ್ಲೇ ಆಡಿ. ಮೊದಲ ತಲೆಮಾರಿನದಕ್ಕೆ ಈ ಅನುಕೂಲ ಇಲ್ಲ. ವೈರ್ ಹಾಕಿದ್ದರೂ ಅದು ಬಟನ್ ಸಂದೇಶ ಕಳಿಸುವುದು ಬ್ಲೂಟೂತ್‌ನಲ್ಲೇ.

ಆಟದ ಯಾವ ವರ್ಷನ್? ಎಲ್ಲ ಇದರ ಮೇಲೆ ನಿಂತಿದೆ

ಈಗ ಆ ದಾರಿಗೆ ಬರೋಣ. ಅನೇಕ ಆಟಗಳು ಪಿಎಸ್4 ಮತ್ತು ಪಿಎಸ್5 ಎರಡಕ್ಕೂ ಬೇರೆ ಬೇರೆ ವರ್ಷನ್‌ನಲ್ಲಿ ಬಂದಿವೆ. ಕ್ರಿಕೆಟ್ 24, ಇಎ ಸ್ಪೋರ್ಟ್ಸ್ ಎಫ್‌ಸಿ 25, ಜಿಟಿಎ 5 ಇವೆಲ್ಲ ಎರಡರಲ್ಲೂ ಇವೆ. ಪಿಎಸ್5 ಯಂತ್ರದ ಮೇಲೆ ಪಿಎಸ್4 ವರ್ಷನ್ ಓಡುತ್ತದೆ. ಪಿಎಸ್4 ವರ್ಷನ್ ಓಡಿದರೆ ಹಳೇ ಕಂಟ್ರೋಲರ್ ಕೆಲಸ ಮಾಡುತ್ತದೆ. ಹೊಸ ಡ್ಯುಯಲ್‌ಸೆನ್ಸ್ ಕೂಡ ಪಿಎಸ್4 ಆಟಗಳಲ್ಲಿ ಕೆಲಸ ಮಾಡುತ್ತದೆ. ಅಂದರೆ ಒಬ್ಬ ಹೊಸದು ಹಿಡಿದು, ಇನ್ನೊಬ್ಬ ಹಳೆಯದು ಹಿಡಿದು, ಒಂದೇ ಮ್ಯಾಚ್ ಆಡಬಹುದು. ಬೇಕಾಗಿದ್ದು ಇಷ್ಟೇ ಅಲ್ವಾ?

ಡಿಜಿಟಲ್ ಆಗಿ ಕೊಂಡಿದ್ದರೆ ಮೊದಲು ಪ್ಲೇಸ್ಟೇಷನ್ ಸ್ಟೋರ್‌ನ ಆಟದ ಪುಟದಲ್ಲಿ ಪಿಎಸ್4, ಪಿಎಸ್5 ಎರಡೂ ಸೇರಿವೆಯಾ ಎಂದು ನೋಡಿ. ಸೇರಿದ್ದರೆ ಡೌನ್‌ಲೋಡ್ ಬಟನ್ ಪಕ್ಕದ ಮೂರು ಚುಕ್ಕೆ ಒತ್ತಿ. ಅಲ್ಲಿ ಎರಡು ವರ್ಷನ್ ಕಾಣಿಸುತ್ತವೆ. ಪಿಎಸ್4ರದ್ದನ್ನು ಇಳಿಸಿಕೊಳ್ಳಿ. ಎರಡೂ ಇದ್ದರೂ ಆಡುವ ಮೊದಲು ಅದೇ ಮೂರು ಚುಕ್ಕೆಯಲ್ಲಿ ಯಾವುದು ಬೇಕೆಂದು ಬದಲಿಸಬಹುದು.

ಡಿಸ್ಕ್ ಕೊಂಡವರು ಎಚ್ಚರದಿಂದಿರಿ. ಪಿಎಸ್5 ಡಿಸ್ಕಿನಲ್ಲಿ ಪಿಎಸ್4 ವರ್ಷನ್ ಇರುವುದಿಲ್ಲ. ಮುಂದೆ ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಳ್ಳುವಾಗ, ಇಬ್ಬರು ಆಡುವ ಆಟ ಆಗಿದ್ದರೆ, ನೀಲಿ ಪಟ್ಟಿಯ ಪಿಎಸ್4 ಡಿಸ್ಕೇ ಕೇಳಿ. ಅದು ಅಗ್ಗಕ್ಕೂ ಸಿಗುತ್ತದೆ. ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಪಿಎಸ್5 ನಿಮ್ಮದಾದರೆ ಈ ಮಾತು ಬಿಟ್ಟುಬಿಡಿ.

ಒಳಗೆ ಜಾಗ ಸಾಲದು ಅನ್ನುವವರಿಗೆ ಇನ್ನೊಂದು ಲಾಭ. ಪಿಎಸ್5 ಆಟಗಳನ್ನು ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕಿನಿಂದ ಆಡಲು ಆಗುವುದಿಲ್ಲ. ಪಿಎಸ್4 ಆಟಗಳನ್ನು ಆಡಬಹುದು. ಪಿಎಸ್4ಗೆ ಹಾಕಿಕೊಂಡಿದ್ದ ಹಾರ್ಡ್ ಡಿಸ್ಕನ್ನೇ ಕಿತ್ತು ಪಿಎಸ್5ಗೆ ಹಾಕಿದರೆ ಅದರಲ್ಲಿರುವ ಆಟಗಳು ಹಾಗೇ ಕಾಣಿಸುತ್ತವೆ, ಫಾರ್ಮ್ಯಾಟ್ ಬೇಕಿಲ್ಲ. ನಮ್ಮ ಕಡೆಯ ಇಂಟರ್‌ನೆಟ್‌ನಲ್ಲಿ ಐವತ್ತು ಜಿಬಿ ಮತ್ತೆ ಇಳಿಸುವುದಕ್ಕಿಂತ ಇದು ವಾಸಿ.

ಕಳೆದುಕೊಳ್ಳುವುದೇನು? ಚಿತ್ರ ಸ್ವಲ್ಪ ಮಂಕು, ಲೋಡ್ ಆಗಲು ಸ್ವಲ್ಪ ಹೆಚ್ಚು ಹೊತ್ತು. ಪಿಎಸ್5 ವರ್ಷನ್‌ನಲ್ಲಿ ಆಡಿ ಕಟ್ಟಿದ ಕರಿಯರ್, ಅಂದರೆ ಆಟದಲ್ಲಿ ಮಾಡಿದ ಪ್ರಗತಿ, ತಾನಾಗಿ ಪಿಎಸ್4 ವರ್ಷನ್‌ಗೆ ಬರುವುದಿಲ್ಲ, ಸೇವ್ ಬೇರೆ ಬೇರೆ. ಒಬ್ಬರೇ ಆಡುವಾಗ ಪಿಎಸ್5 ವರ್ಷನ್, ಜನ ಸೇರಿದಾಗ ಪಿಎಸ್4 ವರ್ಷನ್. ನನ್ನ ಮಟ್ಟಿಗೆ ಇದೇ ಸರಿಯಾದ ವ್ಯವಸ್ಥೆ. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ಕಂಟ್ರೋಲರ್ ಹಿಡಿಯುವ ತಮ್ಮಂದಿರಿಗೆ ಹಳೆಯದು ಕೊಡುವುದು ಎಲ್ಲ ರೀತಿಯಲ್ಲೂ ಕ್ಷೇಮ.

ಪಿಎಸ್5 ಆಟವನ್ನೇ ಹಳೇ ಕಂಟ್ರೋಲರ್‌ನಲ್ಲಿ ಆಡಬೇಕು ಎಂಬ ಹಟ ಇದ್ದರೆ ರಿಮೋಟ್ ಪ್ಲೇ ಇದೆ. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಸೋನಿಯ ರಿಮೋಟ್ ಪ್ಲೇ ಆ್ಯಪ್ ಹಾಕಿ, ಡ್ಯುಯಲ್‌ಶಾಕ್ 4ನ್ನು ಅದಕ್ಕೆ ಸೇರಿಸಿ, ಮನೆಯ ವೈಫೈ ಮೂಲಕ ಆಡಬಹುದು. ಕನ್ಸೋಲ್ ರೌಟರ್‌ಗೆ ಲ್ಯಾನ್ ವೈರಿನಲ್ಲಿ ಇದ್ದರೆ ಪರವಾಗಿಲ್ಲ ಅನ್ನುವಷ್ಟು ಚೆನ್ನಾಗಿರುತ್ತದೆ. ಗುಂಡು ಹಾರಿಸುವ ಆಟಕ್ಕೆ, ಯಾರ್ಕರ್ ಹೊಡೆಯುವುದಕ್ಕೆ ಬೇಡ. ಬಟನ್ ಒತ್ತಿದ್ದಕ್ಕೂ ಬ್ಯಾಟ್ ಬೀಸುವುದಕ್ಕೂ ನಡುವೆ ಸ್ಟಂಪ್ ಹಾರಿರುತ್ತದೆ.

ಸ್ಟೀರಿಂಗ್ ವೀಲ್ ಇದ್ದವರ ಅದೃಷ್ಟ ಬೇರೆ. ಪಿಎಸ್4ಗೆ ಅಧಿಕೃತವಾಗಿ ಬಂದ ವೀಲ್, ಫೈಟ್ ಸ್ಟಿಕ್ (ಹೊಡೆದಾಟದ ಆಟಕ್ಕೆ ಬಳಸುವ, ಕೋಲು ಮತ್ತು ದೊಡ್ಡ ಬಟನ್ ಇರುವ ಕಂಟ್ರೋಲರ್) ಇವು ಪಿಎಸ್5 ಆಟಗಳಲ್ಲೂ ನಡೆಯುತ್ತವೆ. ಲಾಜಿಟೆಕ್ ಜಿ29 ಇದ್ದರೆ ಅದರ ಮೇಲಿನ ಸ್ವಿಚ್ಚನ್ನು ಪಿಎಸ್4 ಕಡೆಗೆ ತಳ್ಳಿ ಹಾಕಿ, ಗ್ರ್ಯಾನ್ ಟುರಿಸ್ಮೊ 7 ಆಡಿ. ಅದಕ್ಕಿಂತ ಹಳೆಯ ಜಿ27 ನಡೆಯುವುದಿಲ್ಲ.

ಎಕ್ಸ್‌ಬಾಕ್ಸ್ ಇದ್ದವರಿಗೆ

ಈ ವಿಷಯದಲ್ಲಿ ಮೈಕ್ರೋಸಾಫ್ಟ್ ಉದಾರಿ. ಹಳೇ ಎಕ್ಸ್‌ಬಾಕ್ಸ್ ಒನ್‌ನ ಕಂಟ್ರೋಲರ್ ಹೊಸ ಕನ್ಸೋಲ್‌ಗಳಾದ ಸೀರೀಸ್ ಎಸ್, ಸೀರೀಸ್ ಎಕ್ಸ್ ಎರಡರಲ್ಲೂ ನಡೆಯುತ್ತದೆ, ಹಳೇ ಆಟ ಹೊಸ ಆಟ ಎಂಬ ಭೇದ ಇಲ್ಲ. ಹೊಸ ಎಎ ಸೆಲ್ ಎರಡು ಹಾಕಿ. ಕನ್ಸೋಲ್ ಮುಂದೆ ಯುಎಸ್‌ಬಿ ಪಕ್ಕದ ಸಣ್ಣ ಪೇರ್ ಬಟನ್ ಒತ್ತಿ. ಇಪ್ಪತ್ತು ಸೆಕೆಂಡಿನ ಒಳಗೆ ಕಂಟ್ರೋಲರ್ ಮೇಲಂಚಿನ ಪೇರ್ ಬಟನ್ ಒತ್ತಿ ಹಿಡಿಯಿರಿ. ಎಕ್ಸ್‌ಬಾಕ್ಸ್ ಗುರುತು ಬೇಗ ಬೇಗ ಮಿನುಗಿ ನಿಂತರೆ ಸೇರಿತು. ಆಮೇಲೆ ಎಕ್ಸ್‌ಬಾಕ್ಸ್ ಆಕ್ಸೆಸರೀಸ್ ಆ್ಯಪ್ ತೆರೆದು ಅಪ್‌ಡೇಟ್ ಕೊಡಿ, ಇದನ್ನು ವೈರ್ ಹಾಕಿ ಮಾಡುವುದು ಒಳ್ಳೆಯದು. ಹಳೆಯದರಲ್ಲಿ ಶೇರ್ ಬಟನ್ ಇಲ್ಲ. ಸ್ಕ್ರೀನ್‌ಶಾಟ್ ಬೇಕಾದರೆ ಎಕ್ಸ್‌ಬಾಕ್ಸ್ ಬಟನ್ ಒತ್ತಿ, ಆಮೇಲೆ ವೈ ಒತ್ತಿ.

ಎಕ್ಸ್‌ಬಾಕ್ಸ್ 360ಯ ಕಂಟ್ರೋಲರ್ ಮಾತ್ರ ಇಲ್ಲ. ವೈರ್ ಇರುವುದೂ ಇಲ್ಲ, ವೈರ್ ಇಲ್ಲದ್ದೂ ಇಲ್ಲ. ಅದನ್ನು ಕಂಪ್ಯೂಟರಿಗೆ ಇಟ್ಟುಕೊಳ್ಳಿ. ವೈರಿನ 360 ಕಂಟ್ರೋಲರ್ ವಿಂಡೋಸ್‌ನಲ್ಲಿ ಹಾಕಿದ ತಕ್ಷಣ ನಡೆಯುತ್ತದೆ. ಡ್ಯುಯಲ್‌ಶಾಕ್ 4 ಕೂಡ ಸ್ಟೀಮ್‌ನಲ್ಲಿ (ಕಂಪ್ಯೂಟರ್ ಆಟಗಳ ಆ್ಯಪ್) ಸಲೀಸು.

ಪಿಎಸ್2, ಪಿಎಸ್3 ಕಂಟ್ರೋಲರ್ ಮತ್ತು ಕನ್ವರ್ಟರ್

ಪಿಎಸ್3ಯ ಡ್ಯುಯಲ್‌ಶಾಕ್ 3 ನೇರವಾಗಿ ಪಿಎಸ್4ಗೂ ಸೇರುವುದಿಲ್ಲ, ಪಿಎಸ್5ಗೂ ಸೇರುವುದಿಲ್ಲ. ಪಿಎಸ್2ರದ್ದಂತೂ ಪಿನ್ನೇ ಬೇರೆ. ನಡುವೆ ಕನ್ವರ್ಟರ್ ಬೇಕು, ಅಂದರೆ ಹಳೇ ಕಂಟ್ರೋಲರ್‌ನ ಸಂದೇಶವನ್ನು ಹೊಸ ಕನ್ಸೋಲ್‌ಗೆ ತಿಳಿಯುವಂತೆ ಬದಲಿಸುವ ಸಣ್ಣ ಸಾಧನ. ಅಂಗಡಿಯಲ್ಲಿ ಸಿಗುವ ಪಿಎಸ್2ರಿಂದ ಯುಎಸ್‌ಬಿಗೆ ಹೋಗುವ ಅಗ್ಗದ ವೈರ್ ಕಂಪ್ಯೂಟರಿಗೆ ಮಾತ್ರ. ಅದನ್ನು ಪಿಎಸ್5ಗೆ ಹಾಕಿದರೆ ಏನೂ ಆಗುವುದಿಲ್ಲ. ಕನ್ಸೋಲ್‌ಗೇ ಅಂತ ಬರುವುವು ಬೇರೆ, ಉದಾಹರಣೆಗೆ ಬ್ರೂಕ್ ಕಂಪನಿಯ ವಿಂಗ್‌ಮ್ಯಾನ್ ಸಾಲಿನವು. ಅವನ್ನು ಆನ್‌ಲೈನಲ್ಲಿ ತರಿಸಬೇಕು, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬೇಕು.

ನನ್ನ ಸಲಹೆ ಕೇಳಿದರೆ ಬೇಡ. ಕನ್ಸೋಲ್ ಅಪ್‌ಡೇಟ್ ಆದಾಗ ಕನ್ವರ್ಟರ್ ನಿಂತುಹೋಗಬಹುದು. ಆಗ ಅದನ್ನು ಕಂಪ್ಯೂಟರಿಗೆ ಹಾಕಿ ಅದರ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದು ಮಾಡಬೇಕು, ಕಂಪನಿ ಹೊಸದು ಬಿಟ್ಟಿದ್ದರೆ. ಎಕ್ಸ್‌ಬಾಕ್ಸ್‌ನಲ್ಲಿ 2023ರ ನವೆಂಬರ್‌ನಿಂದ ಅನುಮತಿ ಇಲ್ಲದ ಆಕ್ಸೆಸರಿಗಳನ್ನು ಮೈಕ್ರೋಸಾಫ್ಟ್ ತಡೆಯುತ್ತಿದೆ. ಪರದೆಯ ಮೇಲೆ 0x82ಡಿ60002 ಎಂಬ ಎರರ್ ಬಂದರೆ ಅದೇ ಕಾರಣ. ಆನ್‌ಲೈನ್ ಆಟಗಳಲ್ಲಿ ಕೆಲವು ಕನ್ವರ್ಟರ್‌ಗಳನ್ನು ಮೋಸದ ಸಾಧನ ಎಂದು ಹಿಡಿದು ಅಕೌಂಟ್ ನಿಲ್ಲಿಸುವುದೂ ಉಂಟು. ದುಬಾರಿ ಹಳೇ ಫೈಟ್ ಸ್ಟಿಕ್ ಇದೆ, ಕೈಗೆ ಅದೇ ಒಗ್ಗಿದೆ ಅನ್ನುವವರಿಗೆ ಸರಿ. ಪಿಎಸ್3ಯ ಸವೆದ ಕಂಟ್ರೋಲರ್‌ಗೋಸ್ಕರ ಇಷ್ಟೆಲ್ಲ ಯಾಕೆ? ಅದರಲ್ಲೂ ನಮ್ಮಲ್ಲಿ ಮಾರಿದ ಪಿಎಸ್3 ಕಂಟ್ರೋಲರ್‌ಗಳಲ್ಲಿ ನಕಲಿಯೂ ಇವೆ.

ನಿಂಟೆಂಡೊ ಕಂಪನಿಯ ಸ್ವಿಚ್ ಕನ್ಸೋಲ್ ಇಟ್ಟುಕೊಂಡವರು ಇಲ್ಲಿ ಕಡಿಮೆ, ಹೊರಗಿನಿಂದ ತರಿಸಿದವರೇ. ಅವರಿಗೆ ಎರಡು ಮಾತು. ಹಳೇ ಸ್ವಿಚ್‌ನ ಜಾಯ್-ಕಾನ್ (ಯಂತ್ರದ ಪಕ್ಕಕ್ಕೆ ಕೂರುವ ಸಣ್ಣ ಕಂಟ್ರೋಲರ್), ಪ್ರೊ ಕಂಟ್ರೋಲರ್ 2025ರಲ್ಲಿ ಬಂದ ಸ್ವಿಚ್ 2ಗೆ ವೈರ್ ಇಲ್ಲದೆ ಸೇರುತ್ತವೆ. ಕಂಟ್ರೋಲರ್ಸ್ ಮೆನುವಿನಲ್ಲಿ ಗ್ರಿಪ್ ಬದಲಿಸುವ ಪರದೆ ತೆರೆದು, ಸಿಂಕ್ ಬಟನ್ ಒತ್ತಿ ಹಿಡಿದರೆ ಆಯಿತು. ಆದರೆ ಹಳೇ ಜಾಯ್-ಕಾನ್ ಹೊಸದರ ಪಕ್ಕಕ್ಕೆ ಕೂರುವುದಿಲ್ಲ, ಹಾಗಾಗಿ ಚಾರ್ಜ್ ಮಾಡಲು ಹಳೇ ಸ್ವಿಚ್ಚೋ ಚಾರ್ಜಿಂಗ್ ಗ್ರಿಪ್ಪೋ ಇಟ್ಟುಕೊಂಡಿರಬೇಕು. ಪಿಎಸ್4 ಕಂಟ್ರೋಲರನ್ನು ಮೊದಲ ಸ್ವಿಚ್‌ಗೆ ಸೇರಿಸಲು 8ಬಿಟ್‌ಡೂ ಕಂಪನಿಯ ಸಣ್ಣ ಯುಎಸ್‌ಬಿ ಅಡಾಪ್ಟರ್ ಇದೆ. ಕನ್ವರ್ಟರ್‌ಗಳಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಎನ್ನಬಹುದಾದದ್ದು ಅದು. ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿ ಪ್ರೊ ಕಂಟ್ರೋಲರ್ ವೈರ್ಡ್ ಕಮ್ಯುನಿಕೇಶನ್ ಆನ್ ಮಾಡುವುದು ಮರೆಯಬೇಡಿ.

ಹಳೆಯದನ್ನೇ ಕೊಳ್ಳುವುದಾದರೆ

ಮನೆಯಲ್ಲಿ ಇಲ್ಲ, ಸೆಕೆಂಡ್‌ಹ್ಯಾಂಡ್ ಡ್ಯುಯಲ್‌ಶಾಕ್ 4 ಕೊಳ್ಳುತ್ತೀರಾ? ಮಾರುವವರ ಮನೆಗೇ ಹೋಗಿ, ಅವರ ಕನ್ಸೋಲ್‌ಗೆ ಹಾಕಿ ನೋಡಿ ತನ್ನಿ. ಆಗದಿದ್ದರೆ ನಿಮ್ಮ ಲ್ಯಾಪ್‌ಟಾಪ್, ಡೇಟಾ ವೈರ್ ಒಯ್ಯಿರಿ. ಸ್ಟಿಕ್ ಮುಟ್ಟದೆ ಬಿಟ್ಟು ನೋಡಿ, ಪರದೆಯ ಮೇಲೆ ತಾನಾಗಿ ಸರಿಯುತ್ತಿದ್ದರೆ ಬೇಡ. ಆರ್2 ಒತ್ತಿ ಬಿಟ್ಟಾಗ ಪಟ್ಟನೆ ವಾಪಸ್ ಬರಬೇಕು. ವೈರ್ ಹಾಕಿ ಸ್ವಲ್ಪ ಅಲ್ಲಾಡಿಸಿ, ಚಾರ್ಜ್ ಹೋಗಿ ಬಂದು ಮಾಡಿದರೆ ಪೋರ್ಟ್ ಸಡಿಲ. ಟಚ್‌ಪ್ಯಾಡ್ ಒತ್ತಿದಾಗ ಟಕ್ ಅನ್ನಬೇಕು, ಬೆರಳು ಸವರಿದ್ದೂ ಕೆಲಸ ಮಾಡಬೇಕು. ಕೆಳಗೆ ಹೆಡ್‌ಫೋನ್ ಪಿನ್, ನಡುವೆ ಸ್ಪೀಕರ್ ಇದ್ದು ಎರಡರಲ್ಲೂ ಸದ್ದು ಬರಬೇಕು. ನಕಲಿಯಲ್ಲಿ ಇವುಗಳಲ್ಲಿ ಕೆಲವು ಬರೀ ತೋರಿಕೆಗೆ ಇರಬಹುದು, ಮತ್ತು ಪಿಎಸ್4ಗೆ ಹೊಂದಿಕೊಂಡ ನಕಲಿ ಪಿಎಸ್5ಗೆ ಹೊಂದಿಕೊಳ್ಳುತ್ತದೆ ಎಂಬ ಭರವಸೆ ಇಲ್ಲ.

ಇನ್ನು ನೀವೇ ಮಾರುವವರಾದರೆ, ಕೊಡುವ ಮೊದಲು ಪಿಎಸ್5ನ ಬ್ಲೂಟೂತ್ ಪಟ್ಟಿಯಿಂದ ಅದನ್ನು ಅಳಿಸಿ, ಪಿನ್ ಹಾಕಿ ರೀಸೆಟ್ ಮಾಡಿ ಕೊಡಿ. ಜೊತೆಗೆ ಒಂದು ಒಳ್ಳೆ ಡೇಟಾ ವೈರೂ ಕೊಟ್ಟುಬಿಡಿ. ಇಲ್ಲವಾದರೆ ಸಂಜೆಯೊಳಗೆ 'ಅಣ್ಣಾ, ಇದು ಸೇರ್ತಾನೇ ಇಲ್ಲ' ಅಂತ ಫೋನ್ ಬರುತ್ತದೆ.